ಹರಳೆಣ್ಣೆಯ ದೇಶಾಟನೆ

ಎತ್ತಿನ ಗಾಡಿಯ ಅಚ್ಚಿನ ಬಳಿಯಲ್ಲಿ ಹಗ್ಗದಿಂದ ತೂಗುಬಿಟ್ಟಿರುತ್ತಿದ್ದ ಬಿದಿರಿನ ಗೊಟ್ಟವನ್ನು ಇಂದಿನ ವಿದ್ಯಾರ್ಥಿಗಳಲ್ಲಿ ಎಷ್ಟು ಮಂದಿ ಕಂಡಿರುವರೋ ಹೇಳಲಾರೆ. ಅದರಲ್ಲಿ ಇರುತ್ತಿದ್ದುದು ಕೀಲೆಣ್ಣೆ. ಹುಲ್ಲು ಸುಟ್ಟ ಕರಿಯನ್ನು ಹರಳೆಣ್ಣೆಯೊಡನೆ ಅರೆದು ಮಾಡಿದ ಕಪ್ಪು ಲೇಪವದು. ಗಾಲಿಯು ಕಿರುಗುಟ್ಟತೊಡಗಿದೊಡನೆ ಗಾಡಿಯವನು ಕೆಳಗಿಳಿದು, ಕೀಲನ್ನು ಕಿತ್ತು, ಗಾಲಿಯನ್ನು ಒಂದಿಷ್ಟು ಹೊರಕ್ಕೆ ಸರಿಸಿ, ಕಡ್ಡಿಯಿಂದ ಅಚ್ಚಿಗೆ ಆ ಲೇಪವನ್ನು ಬಳಿದು, ಮತ್ತೆ ಕೀಲು ಬಡಿದು ಮುಂದೆ ಸಾಗುತ್ತಿದ್ದನು. ಎತ್ತುಗಳಿಗೆ ಎಳೆತ ಹಗುರಾಗುತ್ತಿತ್ತು. ಅಚ್ಚು ಸವೆಯುವುದೂ ತಪ್ಪುತ್ತಿತ್ತು.

ಆ ಗಾಡಿಗಳು ಬಹುಮಟ್ಟಿಗೆ ಮರೆಯಾದುವು. ಆದರೆ ಗೊಟ್ಟದೊಳಗಿನ ಎಣ್ಣೆ ಮರೆಯಾಗಲಿಲ್ಲ. ಅದೇ ಹರಳಿನ ಎಣ್ಣೆ ಇಂದು ಗುಜರಾತಿನ ಬಂದರುಗಳಲ್ಲಿ ಹಡಗನ್ನೇರಿ ಚೀಣಾ, ಫ್ರಾನ್ಸ್, ಹಾಲೆಂಡ್, ಅಮೆರಿಕ, ಜಪಾನ್ ದೇಶಗಳಿಗೆ ಹೋಗುತ್ತದೆ. ಅಲ್ಲಿ ರೂಪ ಬದಲಿಸಿ, ಹೆಸರು ಬದಲಿಸಿ, ಬೆಲೆಯನ್ನೂ ಬದಲಿಸಿಕೊಂಡು ಯಂತ್ರಗಳ ಸಂದುಗಳನ್ನು ಸೇರುತ್ತದೆ. ಅದರ ಒಂದು ಪಾಲು ಮತ್ತೆ ನಮ್ಮ ದೇಶಕ್ಕೇ ಡಬ್ಬಿಗಳಲ್ಲಿ ಬಂದಿಳಿದರೂ ನಮಗೆ ಗುರುತು ಸಿಕ್ಕುವುದಿಲ್ಲ. ಈ ಪ್ರಯಾಣದ ಕಥೆಯನ್ನು ಅರಿತರೆ ಪ್ರಪಂಚದಲ್ಲಿ ಕೀಲೆಣ್ಣೆಗಳ ವ್ಯಾಪಾರ ಯಾವ ದಿಕ್ಕಿಗೆ ಸಾಗುತ್ತಿದೆ ಎಂಬುದೂ ಬಹಳಷ್ಟು ತಿಳಿದಂತಾಗುವುದು.

ಮೊದಲು, ಯಂತ್ರಕ್ಕೆ ಎಣ್ಣೆ ಏಕೆ ಬೇಕೆಂಬುದನ್ನು ನೋಡೋಣ. ಕನ್ನಡಿಯಂತೆ ಹೊಳೆಯುವ ಉಕ್ಕಿನ ಮೇಲ್ಮೈಯನ್ನು ಸೂಕ್ಷ್ಮದರ್ಶಕದ ಅಡಿಯಲ್ಲಿ ಇಟ್ಟರೆ ಅಲ್ಲಿ ಕಾಣುವುದು ಬೆಟ್ಟಗುಡ್ಡಗಳ ಸಾಲು. ಅಂತಹ ಎರಡು ಮೇಲ್ಮೈಗಳು ಒಂದರ ಮೇಲೊಂದು ಜಾರುವಾಗ ಶಿಖರಕ್ಕೆ ಶಿಖರ ತಗುಲಿ, ಬೆಸೆದು, ಮತ್ತೆ ಮುರಿಯುತ್ತವೆ. ಇದೇ ಘರ್ಷಣೆ, ಇದರ ಫಲವೇ ಶಾಖ ಮತ್ತು ಸವೆತ. ನಡುವೆ ಎಣ್ಣೆಯ ತೆಳುಪದರವೊಂದು ನಿಂತರೆ ಲೋಹ ಲೋಹವನ್ನು ಮುಟ್ಟುವುದಿಲ್ಲ. ಪದರವು ನಿಲ್ಲಬೇಕಾದರೆ ಎಣ್ಣೆಗೆ ತಕ್ಕಷ್ಟು ಸ್ನಿಗ್ಧತೆ ಇರಬೇಕು. ನೀರಿನಂತೆ ತೆಳುವಾಗಿದ್ದರೆ ಹಿಂಡಿ ಹೊರಕ್ಕೆ ಹೋಗುತ್ತದೆ. ಜೋನಿಬೆಲ್ಲದಂತೆ ಗಟ್ಟಿಯಾಗಿದ್ದರೆ ಅದನ್ನು ಕಲಕುವುದಕ್ಕೇ ಯಂತ್ರದ ಶಕ್ತಿಯೆಲ್ಲ ವೆಚ್ಚವಾಗುತ್ತದೆ. ತೊಡಕೇನೆಂದರೆ, ಕಾದಾಗ ಎಣ್ಣೆಗಳೆಲ್ಲ ತೆಳುವಾಗುತ್ತವೆ, ತಣಿದಾಗ ಗಟ್ಟಿಯಾಗುತ್ತವೆ. ಚಳಿಯಲ್ಲಿಯೂ ಕಾವಿನಲ್ಲಿಯೂ ಒಂದೇ ಬಗೆಯಾಗಿ ವರ್ತಿಸುವ ಎಣ್ಣೆಯೇ ಯಂತ್ರಶಿಲ್ಪಿಯ ಕನಸು.

ಹರಳೆಣ್ಣೆಯ ವೈಶಿಷ್ಟ್ಯವು ಅದರ ಅಣುವಿನಲ್ಲಿದೆ. ಸಸ್ಯದ ಎಣ್ಣೆಗಳೆಲ್ಲವೂ ಗ್ಲಿಸರಿನ್ ಮತ್ತು ಮೇದಾಮ್ಲಗಳು ಕೂಡಿ ಆದ ಸಂಯುಕ್ತಗಳು. ಕಡಲೆಕಾಯಿ ಎಣ್ಣೆಯಲ್ಲಾಗಲಿ ಸಾಸಿವೆ ಎಣ್ಣೆಯಲ್ಲಾಗಲಿ ಹಲವು ಮೇದಾಮ್ಲಗಳು ಬೆರೆತಿರುತ್ತವೆ. ಹರಳೆಣ್ಣೆಯಲ್ಲಿ ಹಾಗಲ್ಲ. ಅದರ ಮೇದಾಮ್ಲಗಳಲ್ಲಿ ನೂರಕ್ಕೆ 85ರಿಂದ 90 ಭಾಗ ಒಂದೇ ಒಂದು ಆಮ್ಲ. ಅದರ ಹೆಸರು ರಿಸಿನೊಲೀಯಿಕ್ ಆಮ್ಲ. ಹರಳು ಗಿಡಕ್ಕೆ ಸಸ್ಯಶಾಸ್ತ್ರಜ್ಞರು ಕೊಟ್ಟ ಹೆಸರು ರಿಸಿನಸ್ ಕಮ್ಯೂನಿಸ್. ರಿಸಿನಸ್ ಎಂದರೆ ಲ್ಯಾಟಿನ್ ಭಾಷೆಯಲ್ಲಿ ಉಣ್ಣೆ, ಎಂದರೆ ದನಗಳ ಮೈಗೆ ಅಂಟುವ ಹುಳು. ಹರಳು ಬೀಜವನ್ನು ಅಂಗೈಯಲ್ಲಿ ಇಟ್ಟುಕೊಂಡು ನೋಡಿದವರಿಗೆ ಈ ಹೆಸರಿನ ಔಚಿತ್ಯ ತಾನಾಗಿಯೇ ಹೊಳೆಯುವುದು.

ಈ ಆಮ್ಲದ ಅಣುವಿನಲ್ಲಿ 18 ಇಂಗಾಲದ ಪರಮಾಣುಗಳು ಸರಪಳಿಯಂತೆ ಕೂಡಿಕೊಂಡಿವೆ. ಒಂಬತ್ತನೆಯ ಮತ್ತು ಹತ್ತನೆಯ ಪರಮಾಣುಗಳ ನಡುವೆ ಜೋಡಿಬಂಧವಿದೆ. ಹನ್ನೆರಡನೆಯ ಪರಮಾಣುವಿಗೆ ಆಮ್ಲಜನಕವೂ ಜಲಜನಕವೂ ಕೂಡಿದ ಹೈಡ್ರಾಕ್ಸಿಲ್ ಗುಂಪೊಂದು ಅಂಟಿಕೊಂಡಿದೆ. ಈ ಗುಂಪು ಕೊಕ್ಕೆಯಿದ್ದಂತೆ: ನೆರೆಯ ಅಣುಗಳ ಕೊಕ್ಕೆಗಳನ್ನು ಹಿಡಿದೆಳೆಯುತ್ತದೆ. ಆದುದರಿಂದಲೇ ಹರಳೆಣ್ಣೆಯು ಇತರ ಸಸ್ಯತೈಲಗಳಿಗಿಂತ ಸುಮಾರು ಆರು ಪಟ್ಟು ಹೆಚ್ಚು ಸ್ನಿಗ್ಧವಾಗಿದೆ. ಇನ್ನೊಂದು ಗುಣವೂ ಈ ಕೊಕ್ಕೆಯಿಂದಲೇ ಬಂದುದು. ಹರಳೆಣ್ಣೆಯು ಮದ್ಯಸಾರದಲ್ಲಿ ಸುಲಭವಾಗಿ ಕರಗುತ್ತದೆ. ಪೆಟ್ರೋಲಿನಲ್ಲಿ ಸುಲಭವಾಗಿ ಕರಗುವುದಿಲ್ಲ. ಈ ಚಿಕ್ಕ ಸಂಗತಿಯೇ ಒಂದು ಕಾಲಕ್ಕೆ ಅದನ್ನು ಆಕಾಶಕ್ಕೆ ಏರಿಸಿತು.

ಮೊದಲನೆಯ ಮಹಾಯುದ್ಧದ ಕಾಲದ ಎಷ್ಟೋ ವಿಮಾನಗಳಲ್ಲಿ ಇದ್ದುದು ಸುತ್ತುವ ಎಂಜಿನು. ಫ್ರಾನ್ಸಿನ ಸೆಗ್ವಾಂ ಸೋದರರು ರೂಪಿಸಿದ ನೋಮ್ ಎಂಜಿನು ಇವುಗಳಲ್ಲಿ ಪ್ರಸಿದ್ಧವಾದುದು. ಅದರಲ್ಲಿ ಅಚ್ಚು ಸ್ಥಿರವಾಗಿ ನಿಂತು ಸಿಲಿಂಡರುಗಳೇ ಗಿರ್ರನೆ ಸುತ್ತುತ್ತಿದ್ದುವು. ಪೆಟ್ರೋಲಿನ ಆವಿಯೂ ಎಣ್ಣೆಯೂ ಎಂಜಿನಿನ ಗರ್ಭದಲ್ಲಿ ಒಂದೇ ಕಡೆ ಹಾದುಹೋಗಬೇಕಾಗಿತ್ತು. ಖನಿಜತೈಲವನ್ನು ಹಾಕಿದರೆ ಪೆಟ್ರೋಲು ಅದನ್ನು ತೊಳೆದುಬಿಡುತ್ತಿತ್ತು. ಹರಳೆಣ್ಣೆ ಮಾತ್ರ ಲೋಹಕ್ಕೆ ಅಂಟಿಕೊಂಡು ನಿಲ್ಲುತ್ತಿತ್ತು. ಒಮ್ಮೆ ಒಳಗೆ ಹೋದ ಎಣ್ಣೆ ಮತ್ತೆ ತೊಟ್ಟಿಗೆ ಹಿಂದಿರುಗುತ್ತಿರಲಿಲ್ಲ. ಹೊಗೆಯೊಡನೆ ಹೊರಬಿದ್ದು ಚಾಲಕನ ಮುಖಕ್ಕೆ ಎರಚುತ್ತಿತ್ತು. ಗಂಟೆಗಟ್ಟಲೆ ಅದನ್ನು ಉಸಿರಾಡಿ, ನುಂಗಿ ನೆಲಕ್ಕಿಳಿದ ವೀರರ ಹೊಟ್ಟೆಯ ಪಾಡನ್ನು ಬಣ್ಣಿಸಬೇಕಾಗಿಲ್ಲ. ಬಾಲ್ಯದಲ್ಲಿ ಅಜ್ಜಿಯ ಕೈಯಿಂದ ಹರಳೆಣ್ಣೆ ಕುಡಿದವರಿಗೆಲ್ಲ ಅದು ಗೊತ್ತೇ ಇದೆ.

ಎಣ್ಣೆ ಹೀಗೆ ಯುದ್ಧಸಾಮಗ್ರಿಯಾಯಿತು. ಸಮುದ್ರಮಾರ್ಗವನ್ನು ಮಿತ್ರರಾಷ್ಟ್ರಗಳು ತಡೆದುದರಿಂದ ಜರ್ಮನಿಗೆ ಹರಳೆಣ್ಣೆ ಸಿಕ್ಕದಾಯಿತು. ಬದಲಿ ಎಣ್ಣೆಗಳನ್ನು ಹಾಕಿದ ಅದರ ಸುತ್ತುವ ಎಂಜಿನುಗಳು ಬೇಗ ಕಾದು ಕೆಡುತ್ತಿದ್ದುವು. ಅಮೆರಿಕವು ತನ್ನ ದಕ್ಷಿಣದ ರಾಜ್ಯಗಳಲ್ಲಿ ಅವಸರದಿಂದ ಹರಳನ್ನು ಬಿತ್ತಿಸಿತು. ಅದಕ್ಕಾಗಿ ಬೀಜವನ್ನು ಭಾರತದಿಂದ ತರಿಸಿಕೊಂಡಿತು. ಇಂಗ್ಲೆಂಡಿನ ವೇಕ್‌ಫೀಲ್ಡ್ ಸಂಸ್ಥೆಯು 1909ರಲ್ಲಿಯೇ ಹರಳೆಣ್ಣೆ ಬೆರೆಸಿದ ಕೀಲೆಣ್ಣೆಯೊಂದನ್ನು ಮಾರಾಟಕ್ಕೆ ತಂದು, ಆ ಎಣ್ಣೆಯ ಇಂಗ್ಲಿಷ್ ಹೆಸರಾದ ಕ್ಯಾಸ್ಟರ್ ಎಂಬುದರಿಂದಲೇ ಅದಕ್ಕೆ ಕ್ಯಾಸ್ಟ್ರಾಲ್ ಎಂದು ಹೆಸರಿಟ್ಟಿತ್ತು. ಇಂದು ಬೀದಿಬೀದಿಯ ಮೋಟಾರು ಅಂಗಡಿಯಲ್ಲಿ ಆ ಹೆಸರು ಕಾಣುತ್ತದೆ. ಹೆಸರಿನೊಳಗಿನ ಗಿಡವನ್ನು ಯಾರೂ ನೆನೆಯುವುದಿಲ್ಲ.

ಆದರೆ ಹರಳೆಣ್ಣೆಗೆ ದೋಷಗಳೂ ಉಂಟು. ಬಹಳ ಕಾಲ ಕಾದರೆ ಗಾಳಿಯ ಆಮ್ಲಜನಕವನ್ನು ಹೀರಿ ಅದು ಅಂಟಾಗುತ್ತದೆ, ಕಡುಚಳಿಯಲ್ಲಿ ಹೆಪ್ಪುಗಟ್ಟುತ್ತದೆ. ಸುತ್ತುವ ಎಂಜಿನು ಬಳಕೆ ತಪ್ಪಿದೊಡನೆ ಅದರ ವೈಭವವೂ ಇಳಿಯಿತು. ಅಮೆರಿಕದ ಟೈಟಸ್‌ವಿಲ್ ಎಂಬಲ್ಲಿ 1859ರಲ್ಲಿ ಡ್ರೇಕ್ ಎಂಬಾತನು ತೋಡಿದ ಬಾವಿಯಿಂದ ಮೊದಲುಗೊಂಡು ಹರಿಯತೊಡಗಿದ್ದ ಕಲ್ಲೆಣ್ಣೆ ಎಲ್ಲ ಯಂತ್ರಗಳನ್ನೂ ಆಕ್ರಮಿಸಿತು. ಅದು ಅಗ್ಗ, ಬೇಕಾದಷ್ಟು ದೊರೆಯುವಂತಹುದು. ಇಂದಿಗೂ ಪ್ರಪಂಚವು ವರ್ಷಕ್ಕೆ ಬಳಸುವ ಸುಮಾರು ಮೂರೂವರೆ ನಾಲ್ಕು ಕೋಟಿ ಟನ್ನು ಕೀಲೆಣ್ಣೆಯಲ್ಲಿ ಬಹುಪಾಲು ಕಲ್ಲೆಣ್ಣೆಯದೇ.

ಆದರೂ ಕಲ್ಲೆಣ್ಣೆಯು ಪ್ರಕೃತಿ ಕೊಟ್ಟ ಕಲಬೆರಕೆ. ಸಣ್ಣ ಅಣು, ದೊಡ್ಡ ಅಣು, ಮೇಣ, ಗಂಧಕ, ಎಲ್ಲವೂ ಅದರಲ್ಲಿ ಇವೆ. ಸಣ್ಣವು ಕಾವಿನಲ್ಲಿ ಆವಿಯಾಗುತ್ತವೆ; ಮೇಣವು ಚಳಿಯಲ್ಲಿ ಗಟ್ಟಿಯಾಗುತ್ತದೆ. ಒಂದೇ ಅಳತೆಯ ಅಣುಗಳನ್ನು ನಾವೇ ಕಟ್ಟಿಕೊಂಡರೆ ಹೇಗೆ? ಈ ಆಲೋಚನೆಯಿಂದ ಹುಟ್ಟಿದುವು ಸಂಶ್ಲೇಷಿತ ಎಣ್ಣೆಗಳು. ಅಮೆರಿಕದ ಸಲಿವನ್ ಎಂಬ ರಸಾಯನಜ್ಞನು ತನ್ನ ಸಂಗಡಿಗರೊಡನೆ 1931ರಲ್ಲಿ ಅಂತಹ ಎಣ್ಣೆಗಳನ್ನು ತಯಾರಿಸುವ ಕ್ರಮವನ್ನು ಪ್ರಕಟಿಸಿದನು. ಜರ್ಮನಿಯಲ್ಲಿ ಹೆರ್ಮನ್ ಸೋರ್ನ್ ಎಂಬಾತನು 1930ರ ದಶಕದ ಕೊನೆಯಿಂದ ಎರಡನೆಯ ಮಹಾಯುದ್ಧ ಮುಗಿಯುವವರೆಗೂ ಎಸ್ಟರುಗಳೆಂಬ ಸಂಯುಕ್ತಗಳನ್ನು ಒಂದೊಂದಾಗಿ ತಯಾರಿಸಿ ಪರೀಕ್ಷಿಸುತ್ತಿದ್ದನು. ಯುದ್ಧವು ವಿಜ್ಞಾನವನ್ನು ಹೀಗೆ ಮುಂದೂಡುವುದು ಹೆಮ್ಮೆಪಡುವ ವಿಷಯವೇನಲ್ಲ. ಆದರೂ ನಡೆದುದನ್ನು ನಡೆದಂತೆ ಹೇಳಬೇಕಷ್ಟೆ.

ಯುದ್ಧಾನಂತರ ಜೆಟ್ ವಿಮಾನಗಳು ಬಂದುವು. ಅವುಗಳ ಎಂಜಿನಿನ ಬೇರಿಂಗು ಓಟದಲ್ಲಿ 200 ಡಿಗ್ರಿ ಸೆಂಟಿಗ್ರೇಡಿಗೂ ಮೀರಿ ಕಾಯಬಹುದು. ಅದೇ ಎಂಜಿನು ಉತ್ತರಧ್ರುವದ ಬಳಿಯ ನಿಲ್ದಾಣದಲ್ಲಿ ರಾತ್ರಿಯೆಲ್ಲ ನಿಂತು ಬೆಳಗ್ಗೆ ಸುತ್ತತೊಡಗಬೇಕು. ಅಮೆರಿಕದ ಸೈನ್ಯವು 1951ರಲ್ಲಿ ಗೊತ್ತುಪಡಿಸಿದ ನಿಯಮದಂತೆ ಎಣ್ಣೆಯು ಶೂನ್ಯಕ್ಕಿಂತ 54 ಡಿಗ್ರಿ ಕೆಳಗೂ ಹರಿಯಬೇಕಾಗಿತ್ತು. ಕಲ್ಲೆಣ್ಣೆ ಕೈಚೆಲ್ಲಿತು. ಆಗ ಮತ್ತೆ ಹರಳು ಗಿಡವೇ ನೆರವಿಗೆ ಬಂದಿತು, ಆದರೆ ಬೇರೆ ವೇಷದಲ್ಲಿ.

ಹರಳೆಣ್ಣೆಗೆ ಕಾಸ್ಟಿಕ್ ಸೋಡ ಸೇರಿಸಿ ಸುಮಾರು 250 ಡಿಗ್ರಿಗೆ ಕಾಯಿಸಿದರೆ ಆ 18 ಇಂಗಾಲದ ಸರಪಳಿ ಎರಡು ತುಂಡಾಗುತ್ತದೆ: ಒಂದು 10 ಇಂಗಾಲದ್ದು, ಇನ್ನೊಂದು 8 ಇಂಗಾಲದ್ದು. ಹತ್ತರ ತುಂಡಿಗೆ ಎರಡು ಕೊನೆಗಳಲ್ಲಿಯೂ ಆಮ್ಲಗುಣವಿದೆ. ಅದೇ ಸೆಬಾಸಿಕ್ ಆಮ್ಲ. ಇದರ ಎರಡು ತುದಿಗಳಿಗೂ ಕವಲೊಡೆದ ಆಲ್ಕೊಹಾಲಿನ ಅಣುಗಳನ್ನು ಜೋಡಿಸಿದರೆ ಒಂದು ಎಸ್ಟರು ಸಿದ್ಧ. ನಡುವೆ ನೇರವಾದ ಬೆನ್ನೆಲುಬು, ಎರಡು ಕಡೆಯೂ ಕವಲುಗಳು; ಕವಲುಗಳಿರುವುದರಿಂದ ಅಣುಗಳು ಅಚ್ಚುಕಟ್ಟಾಗಿ ಸಾಲುಗಟ್ಟಿ ಹೆಪ್ಪುಗಟ್ಟಲಾರವು. ಮೊದಲ ತಲೆಮಾರಿನ ಜೆಟ್ ಎಂಜಿನುಗಳು ಇಂತಹ ಎಣ್ಣೆಯಲ್ಲಿ ಓಡಿದುವು. ಮುಂದೆ ಇನ್ನೂ ಬಿಸಿಯಾದ ಎಂಜಿನುಗಳು ಬಂದಾಗ ಬೇರೆ ಜಾತಿಯ ಎಸ್ಟರುಗಳು ಆ ಸ್ಥಾನಕ್ಕೆ ಬಂದುವು; ಅವುಗಳಿಗೆ ಬೇಕಾದ 8 ಮತ್ತು 10 ಇಂಗಾಲದ ಆಮ್ಲಗಳು ದೊರೆಯುವುದು ತೆಂಗಿನ ಎಣ್ಣೆಯಿಂದ ಮತ್ತು ತಾಳೆಯ ತಿರುಳಿನ ಎಣ್ಣೆಯಿಂದ.

ಇಲ್ಲಿ ಒಂದು ಭ್ರಮೆಯನ್ನು ಕಳೆದುಕೊಳ್ಳುವುದು ಒಳ್ಳೆಯದು. ಸಂಶ್ಲೇಷಿತ ಎಂದರೆ ಕೃತಕ, ಸಸ್ಯಜನ್ಯ ಎಂದರೆ ಸಹಜ, ಇವೆರಡೂ ಪರಸ್ಪರ ವಿರುದ್ಧ ಎಂದು ಜಾಹಿರಾತುಗಳನ್ನು ಓದಿದವರು ತಿಳಿಯುತ್ತಾರೆ. ಮೇಲಿನ ಎಸ್ಟರನ್ನೇ ತೆಗೆದುಕೊಳ್ಳಿ. ಅದರ 26 ಇಂಗಾಲಗಳಲ್ಲಿ 10 ಹರಳಿನ ಹೊಲದಿಂದ ಬಂದುವು. ಉಳಿದ 16 ಸಾಮಾನ್ಯವಾಗಿ ಕಲ್ಲೆಣ್ಣೆಯ ಕಾರ್ಖಾನೆಯಿಂದ ಬಂದುವು. ಅದನ್ನು ಯಾವ ಪಂಕ್ತಿಯಲ್ಲಿ ಕೂರಿಸುವಿರಿ? ಇನ್ನೊಂದು ಕಡೆ, 1970ರ ದಶಕದಿಂದ ಮೋಟಾರು ಕಾರುಗಳಿಗೆ ಬಳಕೆಯಾಗುತ್ತಿರುವ ಪಾಲಿ-ಆಲ್ಫಾ-ಓಲಿಫಿನ್ ಎಂಬ ಸಂಶ್ಲೇಷಿತ ಎಣ್ಣೆಯು ಸಾಮಾನ್ಯವಾಗಿ ಪೂರ್ತಿ ಕಲ್ಲೆಣ್ಣೆ ಅಥವಾ ನೈಸರ್ಗಿಕ ಅನಿಲದ ಸಂತಾನ. ಮೂಲ ಯಾವುದು ಎಂಬುದು ಒಂದು ಪ್ರಶ್ನೆ. ಕಟ್ಟಿದವರು ಯಾರು ಎಂಬುದು ಬೇರೊಂದು ಪ್ರಶ್ನೆ. ಮಣ್ಣಿನಲ್ಲಿ ಕೊಳೆಯುವುದೋ ಇಲ್ಲವೋ ಎಂಬುದು ಮೂರನೆಯದು.

ದೇಶದೇಶಗಳ ಸುಂಕದ ಪಟ್ಟಿಗಳೂ ಈ ಗೊಂದಲವನ್ನು ಪರಿಹರಿಸುವುದಿಲ್ಲ. ಕಲ್ಲೆಣ್ಣೆಯು ನೂರಕ್ಕೆ 70 ಭಾಗ ಅಥವಾ ಹೆಚ್ಚಾಗಿರುವ ಕೀಲೆಣ್ಣೆಗಳನ್ನು 2710 ಎಂಬ ಸಂಖ್ಯೆಯ ಕೆಳಗೆ ಲೆಕ್ಕ ಬರೆಯುತ್ತಾರೆ. ಅದಕ್ಕಿಂತ ಕಡಮೆ ಇರುವವನ್ನು 3403ರ ಕೆಳಗೆ. ಸಂಶ್ಲೇಷಿತವೂ ಸಸ್ಯಜನ್ಯವೂ ಅನೇಕ ವಿಧದ ಮಿಶ್ರಣಗಳೂ ಈ ಎರಡನೆಯ ಕೋಣೆಯಲ್ಲಿ ಒಟ್ಟಾಗಿ ಮಲಗಿರುತ್ತವೆ. ಹರಳೆಣ್ಣೆಗೆ ಮಾತ್ರ ಪ್ರತ್ಯೇಕ ಸಂಖ್ಯೆಯಿದೆ, 151530. ಇವೆರಡು ಲೆಕ್ಕಗಳನ್ನು ಪಕ್ಕಪಕ್ಕದಲ್ಲಿ ಇಟ್ಟರೆ ವ್ಯಾಪಾರದ ಚಿತ್ರ ಸ್ಪಷ್ಟವಾಗುತ್ತದೆ. 3403ರ ರಫ್ತಿನಲ್ಲಿ ಮುಂದಿರುವವು ಜರ್ಮನಿ, ಅಮೆರಿಕದಂತಹ ಕೈಗಾರಿಕಾ ರಾಷ್ಟ್ರಗಳು. 151530ರ ರಫ್ತಿನಲ್ಲಿ ಭಾರತಕ್ಕೆ ಸರಿಸಾಟಿಯೇ ಇಲ್ಲ. ವರ್ಷಕ್ಕೆ ಸುಮಾರು 6ರಿಂದ 7 ಲಕ್ಷ ಟನ್ನು ಹರಳೆಣ್ಣೆ ನಮ್ಮಿಂದ ಹೊರಕ್ಕೆ ಹೋಗುತ್ತದೆ. ಅತಿ ದೊಡ್ಡ ಗಿರಾಕಿ ಚೀಣಾ. ಪ್ರಪಂಚದಲ್ಲಿ ಅತಿ ಹೆಚ್ಚು ಸೆಬಾಸಿಕ್ ಆಮ್ಲವನ್ನು ತಯಾರಿಸಿ ಮಾರುವುದೂ ಚೀಣಾ ದೇಶವೇ. ನಾವು ಎಣ್ಣೆಯನ್ನು ಮಾರುತ್ತೇವೆ. ಅವರು ಅದನ್ನು ಹತ್ತು ಮತ್ತು ಎಂಟಾಗಿ ತುಂಡರಿಸಿ ಮಾರುತ್ತಾರೆ. ಐರೋಪ್ಯರೂ ಅಮೆರಿಕನರೂ ತುಂಡುಗಳನ್ನು ಮತ್ತೆ ಜೋಡಿಸಿ ಮಾರುತ್ತಾರೆ. ಪ್ರತಿಯೊಂದು ಮೆಟ್ಟಿಲಿಗೂ ಬೆಲೆ ಏರುತ್ತದೆ. ಕೆಳಗಿನ ಮೆಟ್ಟಿಲಲ್ಲಿ ಹೆಚ್ಚು ಕಾಲ ನಿಂತಿರುವವರು ನಾವು. ಗುಜರಾತಿನಲ್ಲಿಯೂ ಇಂತಹ ರಸಾಯನಗಳ ಕಾರ್ಖಾನೆಗಳು ಎದ್ದಿರುವುದು ನಿಜ. ಆದರೆ ಹೊರಕ್ಕೆ ಹೋಗುವ ಎಣ್ಣೆಯ ಮೊತ್ತವನ್ನು ನೋಡಿದರೆ ಇನ್ನೂ ಹಾದಿ ದೂರವಿದೆ.

ಈ ಸ್ಥಾನವಾದರೂ ನಮಗೆ ತಾನಾಗಿ ಬಂದುದಲ್ಲ. 1970ರ ದಶಕದ ಆರಂಭದಲ್ಲಿ ಹರಳಿನಲ್ಲಿ ಅಗ್ರಸ್ಥಾನ ಬ್ರೆಜಿಲಿನದಾಗಿತ್ತು. ಹರಳಿನ ಹೂಗೊಂಚಲಿನಲ್ಲಿ ಗಂಡುಹೂಗಳು ಕೆಳಗೆ, ಹೆಣ್ಣುಹೂಗಳು ಮೇಲೆ ಇರುತ್ತವೆ. ಕಾಯಿ ಕಟ್ಟುವುದು ಹೆಣ್ಣುಹೂವು ಮಾತ್ರವಾದುದರಿಂದ, ಬರಿಯ ಹೆಣ್ಣುಹೂಗಳನ್ನೇ ಬಿಡುವ ತಳಿಯೊಂದು ಸಿಕ್ಕಿದರೆ ಅದಕ್ಕೆ ಬೇರೆ ತಳಿಯ ಪರಾಗವನ್ನು ಕೂಡಿಸಿ ಮಿಶ್ರತಳಿಯ ಬೀಜವನ್ನು ಹೇರಳವಾಗಿ ಪಡೆಯಬಹುದು. ಅಮೆರಿಕದ ಟೆಕ್ಸಾಸಿನಿಂದ ತರಿಸಿದ ಅಂತಹ ಹೆಣ್ಣುತಳಿಯನ್ನು ಬಳಸಿ ಗುಜರಾತಿನ ಕೃಷಿವಿಜ್ಞಾನಿಗಳು 1968ರಲ್ಲಿ ಜಿ.ಸಿ.ಎಚ್. 3 ಎಂಬ ಮಿಶ್ರತಳಿಯನ್ನು ಬಿಡುಗಡೆ ಮಾಡಿದರು. ಬೇಸಾಯಕ್ಕೆ ಬಂದ ಹರಳಿನ ಮಿಶ್ರತಳಿಗಳಲ್ಲಿ ಪ್ರಪಂಚಕ್ಕೇ ಅದು ಮೊದಲನೆಯದು. ಅದರ ಹಿಂದೆಯೇ ಇನ್ನೂ ಉತ್ತಮವಾದ ತಳಿಗಳು ಬಂದುವು. ಬನಾಸಕಾಂಠಾ, ಮೆಹಸಾಣಾ, ಪಾಟಣ್ ಜಿಲ್ಲೆಗಳ ಮರಳು ನೆಲದಲ್ಲಿ, ನೀರಾವರಿಯ ನೆರವಿನಿಂದ, ಹರಳು ಹಣದ ಬೆಳೆಯಾಯಿತು. ಇಂದು ಪ್ರಪಂಚದ ಹರಳಿನಲ್ಲಿ ನೂರಕ್ಕೆ ಎಂಬತ್ತಕ್ಕೂ ಹೆಚ್ಚು ಭಾಗ ಭಾರತದ್ದು. ಅದರಲ್ಲಿ ಬಹುಪಾಲು ಗುಜರಾತಿನದು.

ನಮ್ಮ ನಾಡಿನಲ್ಲಿ ಈ ಗಿಡ ಹೊಸದೇನಲ್ಲ. ಮೈಸೂರು ಸೀಮೆಯವರು ಇದನ್ನು ಹರಳು ಎನ್ನುತ್ತಾರೆ, ಉತ್ತರದವರು ಔಡಲ ಎನ್ನುತ್ತಾರೆ. ರಾಗಿಯ ಹೊಲದ ಅಂಚಿನಲ್ಲಿ, ಕಡಲೆಕಾಯಿಯ ಸಾಲುಗಳ ನಡುವೆ ಅಲ್ಲೊಂದು ಇಲ್ಲೊಂದು ಬಿತ್ತುವ ವಾಡಿಕೆ. ದೀಪಕ್ಕೆ, ತಲೆಗೆ, ಗಾಡಿಗೆ ಆಗಿ ಮಿಕ್ಕುದು ಸಂತೆಗೆ. ಮುಖ್ಯ ಬೆಳೆಯಾಗಿ ಅದನ್ನು ನೋಡಿದವರು ಕಡಮೆ; ಹಿಂಡಿಯನ್ನು ಮಾತ್ರ ತೋಟದ ಗೊಬ್ಬರವಾಗಿ ಎಲ್ಲರೂ ಬಲ್ಲರು. ಹಿಂಡಿಯನ್ನು ದನಕ್ಕೆ ಹಾಕಬಾರದೆಂಬುದೂ ಹಳ್ಳಿಯವರಿಗೆ ಗೊತ್ತು. ಬೀಜದಲ್ಲಿರುವ ರಿಸಿನ್ ಎಂಬ ಘೋರವಿಷವು ಎಣ್ಣೆಗೆ ಬರುವುದಿಲ್ಲ, ಹಿಂಡಿಯಲ್ಲಿಯೇ ಉಳಿಯುತ್ತದೆ.

ಹರಳೆಣ್ಣೆಗೆ ಬೇಡಿಕೆಯನ್ನು ಉಳಿಸಿರುವುದು ಜೆಟ್ ಎಂಜಿನಿನ ಕೀರ್ತಿಯಲ್ಲ. ಅದಕ್ಕಿಂತ ಸಾಮಾನ್ಯವಾದ ಒಂದು ಪದಾರ್ಥ, ಗ್ರೀಸು. ಗ್ರೀಸು ಎಂದರೆ ಎಣ್ಣೆಯನ್ನು ಹೀರಿ ಹಿಡಿದಿರುವ ಒಂದು ಬಗೆಯ ಸಾಬೂನು. ಹಿಂದಿನ ಸುಣ್ಣದ ಸಾಬೂನಿನ ಗ್ರೀಸುಗಳು ನೂರು ಡಿಗ್ರಿ ಮುಟ್ಟುವ ಮೊದಲೇ ಕರಗಿ ಸೋರುತ್ತಿದ್ದುವು. ಅಮೆರಿಕದ ಕ್ಲಾರೆನ್ಸ್ ಅರ್ಲ್ ಎಂಬಾತನು 1942ರಲ್ಲಿ ಲಿಥಿಯಂ ಸಾಬೂನಿನ ಗ್ರೀಸಿಗೆ ಹಕ್ಕುಪತ್ರ ಪಡೆದನು. ಹರಳೆಣ್ಣೆಗೆ ಜಲಜನಕವನ್ನು ಕೂಡಿಸಿ ಪಡೆದ ಆಮ್ಲದಿಂದ ಆ ಸಾಬೂನನ್ನು ಮಾಡಿದರೆ, ಅದು 180 ಡಿಗ್ರಿಯವರೆಗೂ ಕರಗದೆ ನಿಲ್ಲುತ್ತದೆ, ನೀರಿಗೂ ಅಳುಕುವುದಿಲ್ಲ. ಹನ್ನೆರಡನೆಯ ಇಂಗಾಲದ ಆ ಕೊಕ್ಕೆಯೇ ಇಲ್ಲಿಯೂ ಕೆಲಸ ಮಾಡುವುದು: ಸಾಬೂನಿನ ನಾರುಗಳನ್ನು ಒಂದಕ್ಕೊಂದು ಹೆಣೆದು ಎಣ್ಣೆಯನ್ನು ಬಲೆಯಲ್ಲಿ ಹಿಡಿದಿಡುತ್ತದೆ. ಇಂದು ಪ್ರಪಂಚದಲ್ಲಿ ತಯಾರಾಗುವ ಗ್ರೀಸಿನಲ್ಲಿ ಅರ್ಧಕ್ಕಿಂತ ಹೆಚ್ಚು ಲಿಥಿಯಂ ಗ್ರೀಸು. ಬೈಸಿಕಲ್ಲಿನ ಚಕ್ರದಿಂದ ರೈಲುಗಾಡಿಯವರೆಗೆ ಎಲ್ಲಿ ನೋಡಿದರೂ ಹರಳಿನ ಅಂಶ ಇದ್ದೇ ಇರುತ್ತದೆ. ಆದರೆ ಈಗ ವಿದ್ಯುತ್ ವಾಹನಗಳ ಬ್ಯಾಟರಿಗಳು ಲಿಥಿಯಮ್ಮಿಗೆ ಪೈಪೋಟಿ ಹೂಡಿವೆ. 2022ರಲ್ಲಿ ಅದರ ಬೆಲೆ ಗಗನಕ್ಕೇರಿದಾಗ ಗ್ರೀಸು ತಯಾರಕರು ಕ್ಯಾಲ್ಸಿಯಂ ಗ್ರೀಸಿನತ್ತಲೂ ಪಾಲಿಯೂರಿಯ ಗ್ರೀಸಿನತ್ತಲೂ ಕಣ್ಣು ಹಾಯಿಸತೊಡಗಿದರು. ದಕ್ಷಿಣ ಅಮೆರಿಕದ ಉಪ್ಪುಬಯಲಿನ ಲೋಹಕ್ಕೆ ಬೆಲೆ ಏರಿದರೆ ಪಾಟಣದ ರೈತನ ಬೆಳೆಗೂ ಅದರ ಬಿಸಿ ತಟ್ಟಬಹುದು.

ಬೇಡಿಕೆಯನ್ನು ನಿರ್ಧರಿಸುವ ಇನ್ನೊಂದು ಶಕ್ತಿ ಕಾನೂನು. ಕಾಡಿನಲ್ಲಿ ಮರ ಕೊಯ್ಯುವ ಯಂತ್ರಗರಗಸದ ಎಣ್ಣೆಯೆಲ್ಲ ನೆಲಕ್ಕೇ ಚೆಲ್ಲಿಹೋಗುತ್ತದೆ. ಜರ್ಮನಿಯು 1988ರಲ್ಲಿ, ಮಣ್ಣಿನಲ್ಲಿ ಬೇಗ ಕೊಳೆಯುವ ಗರಗಸದ ಎಣ್ಣೆಗಳಿಗೆ ಸರಕಾರದ ಗುರುತುಮುದ್ರೆ ಕೊಡಲು ಮೊದಲುಮಾಡಿತು. ಅಮೆರಿಕವು 2013ರ ಡಿಸೆಂಬರಿನಿಂದ, ತನ್ನ ನೀರಿಗೆ ಬರುವ ಸುಮಾರು 24 ಮೀಟರಿಗಿಂತ ಉದ್ದವಾದ ಹಡಗುಗಳಲ್ಲಿ ನೀರಿಗೆ ತಗುಲುವ ಸಂದುಗಳಿಗೆಲ್ಲ ಅಂತಹ ಎಣ್ಣೆಯನ್ನೇ ಸಾಧ್ಯವಾದ ಮಟ್ಟಿಗೂ ಬಳಸಬೇಕೆಂದು ವಿಧಿಸಿತು. ಎಸ್ಟರುಗಳ ವ್ಯಾಪಾರಕ್ಕೆ ಇದರಿಂದ ಹೊಸ ಬಾಗಿಲು ತೆರೆಯಿತು. ಕಾನೂನು ಯಾವಾಗಲೂ ಒಂದೇ ಕಡೆಗೆ ತಳ್ಳುತ್ತದೆಂದೂ ತಿಳಿಯಬಾರದು. ಓಜೋನ್ ಪದರದ ರಕ್ಷಣೆಗಾಗಿ ಆದ 1987ರ ಮಾಂಟ್ರಿಯಲ್ ಒಪ್ಪಂದದ ತರುವಾಯ ಶೀತಕಪೆಟ್ಟಿಗೆಗಳ ಅನಿಲ ಬದಲಾಯಿತು; ಹೊಸ ಅನಿಲದೊಡನೆ ಕಲ್ಲೆಣ್ಣೆ ಬೆರೆಯದೆ ಎಸ್ಟರುಗಳೇ ಬೇಕಾದುವು. ಮುಂದೆ ಮನೆಬಳಕೆಯ ಪೆಟ್ಟಿಗೆಗಳಿಗೆ ಐಸೊಬ್ಯೂಟೇನ್ ಅನಿಲ ಬಂದಾಗ ಕಲ್ಲೆಣ್ಣೆಗೆ ಮತ್ತೆ ಅಲ್ಲಿ ಎಡೆ ದೊರೆಯಿತು.

ಇಷ್ಟೆಲ್ಲ ಇದ್ದರೂ ಸಸ್ಯಜನ್ಯ ಕೀಲೆಣ್ಣೆಗಳ ಪಾಲು ಒಟ್ಟು ಬಳಕೆಯಲ್ಲಿ ನೂರಕ್ಕೆ ಕೆಲವೇ ಭಾಗ. ಕಲ್ಲೆಣ್ಣೆಗಿಂತ ಅವುಗಳ ಬೆಲೆ ಹೆಚ್ಚು. ಮಳೆ ಬಾರದಿದ್ದರೆ ಬೆಲೆ ಇನ್ನೂ ಏರುತ್ತದೆ. ಹರಳನ್ನು ಜುಲೈ ಆಗಸ್ಟಿನಲ್ಲಿ ಬಿತ್ತಿದರೆ ಡಿಸೆಂಬರಿನಿಂದ ಗೊಂಚಲು ಗೊಂಚಲಾಗಿ ನಾಲ್ಕಾರು ಸಲ ಕೊಯ್ಯಬೇಕು. ಒಂದೇ ದೇಶದ, ಅದರಲ್ಲಿಯೂ ಒಂದೇ ರಾಜ್ಯದ ಮಳೆಯನ್ನು ನೆಚ್ಚಿಕೊಂಡ ಕಚ್ಚಾವಸ್ತುವೆಂದರೆ ಕೊಳ್ಳುವವರಿಗೆ ಅಳುಕು ಇದ್ದೇ ಇರುತ್ತದೆ. ಅವರು ಬೇರೆ ದಾರಿ ಹುಡುಕುವುದೂ ಸಹಜವೇ.

ಆ ದಾರಿಯೊಂದು ಈಗಾಗಲೇ ತೆರೆದಿದೆ. ಕಲ್ಲೆಣ್ಣೆಯಿಂದ ಬೇರ್ಪಡಿಸಿದ ಹತ್ತು ಇಂಗಾಲದ ಹೈಡ್ರೋಕಾರ್ಬನ್ನನ್ನು ಯೀಸ್ಟ್ ಜಾತಿಯ ಜೀವಾಣುಗಳಿಗೆ ಆಹಾರವಾಗಿ ಕೊಟ್ಟರೆ ಅವು ಅದರ ಎರಡು ತುದಿಗಳನ್ನೂ ಆಮ್ಲವಾಗಿ ಮಾರ್ಪಡಿಸುತ್ತವೆ. ಕಾಸ್ಟಿಕ್ ಸೋಡವೂ ಬೇಡ, 250 ಡಿಗ್ರಿಯ ಕಾವೂ ಬೇಡ, ಹರಳಂತೂ ಬೇಡವೇ ಬೇಡ. ದೊಡ್ಡ ಹಂಡೆಗಳಲ್ಲಿ, ಕೈಗೆ ಹಿತವಾದ ಬೆಚ್ಚನೆಯ ನೀರಿನಲ್ಲಿ ಸೆಬಾಸಿಕ್ ಆಮ್ಲ ತಯಾರಾಗುತ್ತದೆ. ಚೀಣಾ ದೇಶದಲ್ಲಿ 2022ರಿಂದ ಈ ಕ್ರಮವು ಕಾರ್ಖಾನೆಯ ಪ್ರಮಾಣದಲ್ಲಿಯೇ ನಡೆಯುತ್ತಿದೆ. ಗ್ರೀಸಿಗೆ ಬೇಕಾದ ಆಮ್ಲದ ಮಾತು ಬೇರೆ. ಹನ್ನೆರಡನೆಯ ಇಂಗಾಲದ ಮೇಲೆ ಕೊಕ್ಕೆಯನ್ನು ಅಗ್ಗವಾಗಿ ಕೂರಿಸುವ ವಿದ್ಯೆ ಇನ್ನೂ ಹರಳು ಗಿಡದ ಕೈಯಲ್ಲಿಯೇ ಇದೆ.